ಡ್ರಮ್ಮಿನಲ್ಲಿ ಓಡಿದ್ದು ಅಳಿವೆಯಲ್ಲಿ ಓಡೀತೇ?

ದೊಡ್ಡಪ್ಪ ದೋಣಿ ಇಳಿಸುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ಅಷ್ಟೂ ಕಾಲ ದೋಣಿಯ ಹಿಂಬದಿಗೆ ಕಟ್ಟುವ ಅವರ ಔಟ್‌ಬೋರ್ಡ್ ಎಂಜಿನ್ ಗಂಗೊಳ್ಳಿಯ ನಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹರಿದ ಬಲೆ ಹೊದ್ದು ನಿಂತಿತ್ತು. ಎರಡು ಸಿಲಿಂಡರಿನ ಟೂ ಸ್ಟ್ರೋಕ್, 8 ಅಶ್ವಶಕ್ತಿ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಜಾತಿಯದು. ಕಳೆದ ಮೇ ತಿಂಗಳಲ್ಲಿ ದೊಡ್ಡಪ್ಪ ಹೇಳಿದರು: "ಬೇಕಿದ್ದರೆ ನೀನೇ ಇಟ್ಟುಕೋ. ಆದರೆ ಅಳಿವೆಯಲ್ಲಿ ನಿಂತುಹೋಗುವ ಎಂಜಿನ್ ಮಾಡಿಕೊಳ್ಳಬೇಡ."

ಮಳೆಗಾಲದ ನಾಡದೋಣಿಯವರಿಗೆ ಈ ಮಾತಿನ ತೂಕ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವುದರಿಂದ ಯಾಂತ್ರೀಕೃತ ದೋಣಿಗಳೆಲ್ಲ ದಡದಲ್ಲಿರುತ್ತವೆ. 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಮಾತ್ರ ಅವಕಾಶ. ಆ ಹೊತ್ತಿಗೆ ನೆರೆ ತುಂಬಿದ ಹೊಳೆ ಹೊರಗೆ ನೂಕುತ್ತಿರುತ್ತದೆ, ಕಡಲು ಒಳಗೆ ನೂಕುತ್ತಿರುತ್ತದೆ. ಅವೆರಡೂ ಡಿಕ್ಕಿ ಹೊಡೆಯುವ ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವ ಬಾಯಲ್ಲಿ, ಎಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಆಮೇಲೆ ಹುಟ್ಟು ಹಾಕಿ ಸರಿಪಡಿಸುವಷ್ಟು ಸಮಯ ಸಿಗುವುದಿಲ್ಲ.

ಹೊಸ ಎಂಜಿನ್ನಿಗೆ ಲಕ್ಷದ ಮೇಲಾಗುತ್ತದೆ, ಅಷ್ಟು ದುಡ್ಡು ನನ್ನಲ್ಲಿರಲಿಲ್ಲ. ಹಾಗೆಂದು ಕೈಗೆ ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಂಡೆ. ನಾನು ಮಾಡಿದ ಕೆಲಸ ಸರಿಯಾಗಿದೆಯೇ ಎಂಬುದು ಅಂಗಳದ ನೀರಿನ ಡ್ರಮ್ಮಿನಲ್ಲೇ ಗೊತ್ತಾಗುವಂತಿದ್ದರೆ ಅದನ್ನು ನಾನೇ ಮಾಡುವುದು. ಕಡಲಿಗಿಳಿದ ಮೇಲೆ ಮಾತ್ರ ಗೊತ್ತಾಗುವಂತಿದ್ದರೆ ಮೆಕ್ಯಾನಿಕ್‌ಗೆ ಕೊಡುವುದು.

ಮೊದಲ ದಿನ ಸ್ಟಾರ್ಟರ್ ಹಗ್ಗ ಮುಟ್ಟಲೇ ಇಲ್ಲ. ಮೂರು ವರ್ಷ ನಿಂತ ಎಂಜಿನ್ನಿನ ಪಿಸ್ಟನ್ ರಿಂಗುಗಳು ಒಣಗಿ ಕಚ್ಚಿಕೊಂಡಿರುತ್ತವೆ, ಜೋರಾಗಿ ಎಳೆದರೆ ಸಿಲಿಂಡರಿನ ಗೋಡೆಗೆ ಗೀರು ಬೀಳುತ್ತದೆ. ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತುಗಳಲ್ಲಿ ಒಂದೊಂದು ಚಮಚ ಟೂ ಸ್ಟ್ರೋಕ್ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಕೈಯಿಂದ ಫ್ಲೈವೀಲ್ ತಿರುಗಿಸಿದೆ. ಮೊದಲ ಅರ್ಧ ಸುತ್ತು ಬಿಗಿಯಾಗಿತ್ತು, ಆಮೇಲೆ ಸಲೀಸಾಯಿತು. ಹಾಕಿದ ಎಣ್ಣೆಯೆಲ್ಲ ಹೊರಗೆ ಬರುವವರೆಗೆ ಹಗ್ಗ ಎಳೆದು, ಆಮೇಲೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಕಚ್ಚಿಸಿ ನೋಡಿದರೆ ಒಂದರಲ್ಲಿ 90 ಪಿಎಸ್ಐ, ಇನ್ನೊಂದರಲ್ಲಿ 86. ಸೀಮೆಎಣ್ಣೆ ಎಂಜಿನ್ನಿನಲ್ಲಿ ಒತ್ತಡ ಪೆಟ್ರೋಲಿನದಕ್ಕಿಂತ ಕಡಿಮೆಯೇ ಇರುತ್ತದೆ. ನಾನು ನೋಡುವುದು ಎರಡರ ನಡುವಿನ ಅಂತರವನ್ನು. ಅದು ಹತ್ತರಲ್ಲಿ ಒಂದು ಪಾಲು ದಾಟಿದ್ದರೆ ಎಂಜಿನ್ನನ್ನು ಬಿಡಿಭಾಗಗಳಿಗೆಂದು ಮಾರಿಬಿಡುತ್ತಿದ್ದೆ. ಬೋರ್ ಮಾಡಿಸಿ ಪಿಸ್ಟನ್ ಹಾಕಿಸುವಷ್ಟು ಖರ್ಚು ಈ ವಯಸ್ಸಿನ ಎಂಜಿನ್ನಿಗೆ ಗಿಟ್ಟುವುದಿಲ್ಲ ಎಂಬುದು ನನ್ನ ಲೆಕ್ಕ.

ಪ್ಲಗ್ಗನ್ನು ಎಂಜಿನ್ನಿನ ಮೈಗೆ ತಾಗಿಸಿ ಹಗ್ಗ ಎಳೆದಾಗ ನೀಲಿ ಕಿಡಿ ಬಂತು. ಅಲ್ಲಿಗೆ ವಿದ್ಯುತ್ತಿನ ಭಾಗ ಮುಗಿಯಿತು.

ಕಾರ್ಬುರೇಟರ್ ಮಾತ್ರ ಇಡೀ ಭಾನುವಾರ ನುಂಗಿತು. ಹಳೆಯ ಪೆಟ್ರೋಲ್ ಒಣಗಿ ಹಲಸಿನ ಮೇಣದಂತೆ, ಇಂಧನ ಹರಿಯುವ ಸಣ್ಣ ತೂತಿನ ಜೆಟ್ಟುಗಳಿಗೆ ಅಂಟಿಕೊಂಡಿತ್ತು. ಸೂಜಿ ಹಾಕಿ ಕೆದಕಬಾರದು. ಹಿತ್ತಾಳೆಯ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಇಂಧನದ ಅಳತೆ ತಪ್ಪುತ್ತದೆ. ಹಳೆಯ ವೈರಿನಿಂದ ಒಂದೇ ಒಂದು ತಾಮ್ರದ ಎಳೆ ಬಿಡಿಸಿ, ಕ್ಲೀನರಿನಲ್ಲಿ ನೆನೆಸಿದ ಜೆಟ್ಟಿನೊಳಗೆ ನಿಧಾನವಾಗಿ ತೂರಿಸಿದೆ. ಬೆಳಕಿಗೆ ಹಿಡಿದಾಗ ಸಾಸಿವೆಗಿಂತ ಚಿಕ್ಕ ದುಂಡನೆಯ ಬೆಳಕು ಕಂಡಿತು.

ಅದಾದ ಮೇಲೆ ಎಂಜಿನ್ನನ್ನು ತಂಪಾಗಿಡುವ ನೀರಿನ ಪಂಪು. ಅದರೊಳಗೆ ತಿರುಗುತ್ತಾ ನೀರು ನೂಕುವ ರಬ್ಬರಿನ ಇಂಪೆಲ್ಲರ್ ಮೂರು ವರ್ಷ ಒಂದೇ ಭಂಗಿಯಲ್ಲಿ ಇದ್ದರೆ ಅದರ ಎಸಳುಗಳು ಬಾಗಿದಂತೆಯೇ ಗಟ್ಟಿಯಾಗುತ್ತವೆ. ನೋಡಲು ಚೆನ್ನಾಗಿದ್ದರೂ ಹೊಸದನ್ನೇ ಹಾಕಬೇಕು. ಇಲ್ಲಿ ದುಡ್ಡು ಉಳಿಸಿದರೆ ಎಂಜಿನ್ ಸುಟ್ಟುಹೋಗುತ್ತದೆ. ಅದನ್ನು ತೆಗೆಯಲು ಕೆಳಭಾಗವನ್ನು ಇಳಿಸಬೇಕು. ಮೂರು ಬೋಲ್ಟ್ ಬಂದವು, ನಾಲ್ಕನೆಯದು ಅಲುಗಲಿಲ್ಲ. ಅಲ್ಯುಮಿನಿಯಂ ಮತ್ತು ಸ್ಟೀಲಿನ ನಡುವೆ ಉಪ್ಪು ನೀರು ಸೇರಿದರೆ ಬಿಳಿ ಪುಡಿ ಕಟ್ಟಿ ಎರಡನ್ನೂ ಬೆಸೆದುಬಿಡುತ್ತದೆ. ತೋಳಿನ ಬಲ ಹಾಕಿದರೆ ತಲೆ ಮುರಿಯುವುದು ಖಂಡಿತ. ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಬೋಲ್ಟಿನ ತಲೆಗೆ ಸಣ್ಣ ಸುತ್ತಿಗೆಯಿಂದ ಬೆಳಿಗ್ಗೆ ಸಂಜೆ ಹತ್ತಿಪ್ಪತ್ತು ಸಲ ತಟ್ಟುತ್ತಾ ಎರಡು ದಿನ ಕಾದೆ. ಮೂರನೆಯ ದಿನ ಸ್ಪ್ಯಾನರ್ ಹಾಕಿ ಮೊದಲು ಬಿಗಿ ಮಾಡುವ ದಿಕ್ಕಿಗೆ ತುಸು, ಆಮೇಲೆ ಬಿಚ್ಚುವ ದಿಕ್ಕಿಗೆ ತುಸು ತಿರುಗಿಸಿದೆ. ಕೀಚ್ ಎಂದಿತು. ಆ ಸದ್ದು ಕೇಳಿದಾಗಿನ ನೆಮ್ಮದಿ ನನಗೆ ಇನ್ನೂ ನೆನಪಿದೆ.

ನಿಜವಾದ ಯೋಚನೆಗೆ ಹಚ್ಚಿದ್ದು ಗೇರ್ ಬಾಕ್ಸ್. ಕೆಳಗಿನ ತಿರುಪು ಬಿಚ್ಚಿದಾಗ ಮೊದಲು ನಾಲ್ಕು ಹನಿ ನೀರು, ಹಿಂದೆಯೇ ಹಾಲು ಹೆಚ್ಚಾದ ಚಹಾದಂಥ ಎಣ್ಣೆ ಇಳಿಯಿತು. ಒಳಗೆ ಉಪ್ಪು ನೀರು ಹೊಕ್ಕಿತ್ತು. ಪ್ರೊಪೆಲ್ಲರ್ ತೆಗೆದರೆ ಶಾಫ್ಟಿಗೆ ನೈಲಾನ್ ನೂಲು ಸುತ್ತಿಕೊಂಡು ನೀರು ತಡೆಯುವ ಸೀಲನ್ನು ಕೊಯ್ದಿತ್ತು. ಸೀಲ್ ಬದಲಿಸುವುದು ನನಗೆ ಬಾರದ ಕೆಲಸವೇನಲ್ಲ. ಆದರೆ ಒಳಗಿನ ಬೇರಿಂಗ್‌ಗೆ ತುಕ್ಕು ಎಷ್ಟು ಹಿಡಿದಿದೆ, ಗೇರ್ ಹಲ್ಲುಗಳ ಅಂಚು ಎಷ್ಟು ಸವೆದಿದೆ ಎಂಬುದನ್ನು ಡ್ರಮ್ಮು ಹೇಳುವುದಿಲ್ಲ. ಡ್ರಮ್ಮಿನಲ್ಲಿ ಎಂಜಿನ್ನಿನ ಮೇಲೆ ಭಾರವೇ ಬೀಳುವುದಿಲ್ಲ. ಸವೆದ ಗೇರ್ ಜಾರುವುದು ದೋಣಿ ಅಲೆ ಹತ್ತುವಾಗ, ಪೂರ್ತಿ ಥ್ರಾಟಲ್ ಕೊಟ್ಟಾಗ.

ಹಾಗಾಗಿ ಗೇರ್ ಬಾಕ್ಸನ್ನು ಮಾತ್ರ ಗೋಣಿಯಲ್ಲಿ ಸುತ್ತಿ ಬಂದರಿನ ಮೆಕ್ಯಾನಿಕ್ ಅಣ್ಣನ ಹತ್ತಿರ ಒಯ್ದೆ. ಅವರು ಒಂದು ಬೇರಿಂಗನ್ನು ಬೆರಳಿನಲ್ಲಿ ತಿರುಗಿಸಿ ನನ್ನ ಕಿವಿಗೆ ಹಿಡಿದರು. ಮರಳು ಅರೆದ ಹಾಗೆ ಕರಕರ ಎನ್ನುತ್ತಿತ್ತು. "ಸೀಲ್ ಮಾತ್ರ ಹಾಕಿದ್ದರೆ ಜೂನ್ ದಾಟುತ್ತಿರಲಿಲ್ಲ," ಎಂದರು. ನನ್ನ ಕೆಲಸಕ್ಕೆ ಬೇಕಾದ ಇಂಪೆಲ್ಲರ್, ಪ್ಲಗ್, ಪ್ಯಾಕಿಂಗ್‌ಗೆಲ್ಲ ಸೇರಿ ಸುಮಾರು 2,500 ರೂಪಾಯಿ ಆಗಿತ್ತು. ಅವರಿಗೆ ಅದರ ಎರಡರಷ್ಟು ಕೊಟ್ಟೆ, ಸಂತೋಷದಿಂದಲೇ ಕೊಟ್ಟೆ.

ಜೋಡಿಸಿ, 200 ಲೀಟರಿನ ಡ್ರಮ್ಮಿನಲ್ಲಿ ನಿಲ್ಲಿಸಿ ಹಗ್ಗ ಎಳೆದೆ. ಆರನೆಯ ಸಲಕ್ಕೆ ಹೊತ್ತಿಕೊಂಡಿತು. ಪಕ್ಕದ ಸಣ್ಣ ತೂತಿನಿಂದ ನೀರಿನ ಎಳೆ ಚಿಮ್ಮುವವರೆಗೆ ನನ್ನ ಕೈ ಸ್ಟಾಪ್ ಬಟನ್ನಿನ ಮೇಲೆಯೇ ಇತ್ತು. ಮೊದಲ ಒಂದು ವಾರ ಹೊಳೆಯೊಳಗೇ, ದೊಡ್ಡಪ್ಪನನ್ನು ಕೂರಿಸಿಕೊಂಡು, ಎರಡು ಹುಟ್ಟು ಜೊತೆಗಿಟ್ಟುಕೊಂಡು, ಹರಿವಿಗೆ ಎದುರಾಗಿ ಪೂರ್ತಿ ಥ್ರಾಟಲ್ಲಿನಲ್ಲಿ ಓಡಿಸಿದೆ. ಅಳಿವೆ ದಾಟುವ ಹಿಂದಿನ ಸಂಜೆ ಗೇರ್ ಬಾಕ್ಸಿನ ಕೆಳಗಿನ ತಿರುಪನ್ನು ಮತ್ತೊಮ್ಮೆ ಸಡಿಲಿಸಿದೆ. ದೊಡ್ಡಪ್ಪ ಬಗ್ಗಿ ಟಾರ್ಚ್ ಹಿಡಿದರು. ಎಣ್ಣೆ ಜೇನಿನ ಬಣ್ಣದಲ್ಲೇ ಇಳಿಯಿತು.