ಘಾಟಿ ಇಳಿಯುವ ಮುಂಚೆ ಬ್ರೇಕಿನ ಭಾಗಗಳನ್ನು ಗುರುತಿಸಿಕೊಳ್ಳಿ

ಮಡಿಕೇರಿಯಿಂದ ಸಂಪಾಜೆ ಕಡೆ ಕಾರಿನಲ್ಲಿ ಇಳಿಯುವವರು ಇಷ್ಟನ್ನಾದರೂ ತಿಳಿದಿರಿ. ಬಾನೆಟ್ ಎತ್ತಿ. ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಕಡೆ, ಗಾಜಿನ ಬುಡದ ಹತ್ತಿರ ಒಂದು ಚಿಕ್ಕ ಬಿಳಿ ಡಬ್ಬಿ ಇರುತ್ತದೆ, ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ. ಅದೇ ಬ್ರೇಕ್ ಆಯಿಲ್ ಡಬ್ಬಿ. ಅದಕ್ಕೆ ಇಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಸೀಲೆಲ್ಲ ಉಬ್ಬಿ ಹಾಳಾಗುತ್ತವೆ.

ಡಬ್ಬಿಯ ಕೆಳಗಿರುವುದು ಮಾಸ್ಟರ್ ಸಿಲಿಂಡರ್, ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವುದು ಅದೇ. ಅದರ ಹಿಂದೆ ಬಾಣಲೆಯಂತಿರುವ ಕಪ್ಪು ಡ್ರಮ್ ಬೂಸ್ಟರ್, ಇಂಜಿನ್ ಓಡುವಾಗ ಕಾಲಿನ ಒತ್ತಡಕ್ಕೆ ಬಲ ಸೇರಿಸುತ್ತದೆ. ಇಂಜಿನ್ ನಿಂತರೆ ಒಂದೆರಡು ಸಲ ಒತ್ತುವಷ್ಟರಲ್ಲಿ ಬೂಸ್ಟರ್ ಸಹಾಯ ಮುಗಿಯುತ್ತದೆ, ಪೆಡಲ್ ಕಲ್ಲಾಗುತ್ತದೆ. ಪೆಟ್ರೋಲ್ ಉಳಿಸೋಕೆ ಇಳಿಜಾರಲ್ಲಿ ಇಂಜಿನ್ ಆಫ್ ಮಾಡುವ ಬುದ್ಧಿವಂತರು ಈಗಲೂ ಇದ್ದಾರೆ ಅಲ್ವಾ!

ಚಕ್ರದ ಹತ್ತಿರ ನೋಡಿ. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಪ್ಯಾಡ್‌ಗಳಿಂದ ಹಿಡಿಯುವುದು ಕ್ಯಾಲಿಪರ್. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಆಯಿಲ್ ಒತ್ತಡದಿಂದ ಬ್ರೇಕ್ ಹಾಕುವ ವೀಲ್ ಸಿಲಿಂಡರ್ ಒಳಗೆ ಅಡಗಿರುತ್ತದೆ, ಸೋರಿದರೆ ಟೈರಿನ ಒಳಬದಿ ಒದ್ದೆಯಾಗುತ್ತದೆ. ನಮ್ಮ ಮಳೆಯಲ್ಲಿ ಅದು ನೀರೋ ಆಯಿಲೋ ಗೊತ್ತಾಗಲ್ಲ, ಬೆರಳಲ್ಲಿ ಮುಟ್ಟಿ ನೋಡಿ, ಜಾರಿದರೆ ಆಯಿಲ್. ಚಕ್ರಕ್ಕೆ ಆಯಿಲ್ ಒಯ್ಯುವ ರಬ್ಬರ್ ಹೋಸ್ ಬಗ್ಗಿಸಿದಾಗ ಬಿರುಕು ಕಂಡರೆ ಬದಲಾಯಿಸಿ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಸೇರಿದ್ದಕ್ಕೆ ಆ ಮಿತಿ ಬರೀ 155 ಡಿಗ್ರಿ. ಘಾಟಿಯಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕುದ್ದು ಗುಳ್ಳೆಯಾಗಿ ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಾಯಿಸಿ. ಮಟ್ಟ ಇಳಿದಿದ್ದರೆ ಸುರಿದು ಸುಮ್ಮನಾಗಬೇಡಿ, ಪ್ಯಾಡ್ ಸವೆದಿರಬಹುದು, ಇಲ್ಲವೇ ಎಲ್ಲೋ ಸೋರುತ್ತಿದೆ. ಕಾರಿನ ಬಾಡಿ ಮೇಲೆ ಆಯಿಲ್ ಚೆಲ್ಲಿದರೆ ಕೂಡಲೇ ನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ.