ಕ್ಯಾಪುಚಿನೊಗೆ ಕಪ್ ಹುಡುಕಿದ್ದು

ನಮ್ಮದು ಚಹಾ ಕುಡಿಯುವ ಮನೆ. ಬೆಳಗಾವಿಯಲ್ಲಿ ಹೆಚ್ಚಿನ ಮನೆಗಳು ಹಾಗೇ ಅಲ್ವಾ. ಕಪಾಟಿನ ತುಂಬ ಕಪ್ಪು-ಬಸಿ ಇವೆ. ಆದರೆ ಮನೆಯಲ್ಲಿ ಕ್ಯಾಪುಚಿನೊ, ಅಂದರೆ ಗಟ್ಟಿ ಕಾಫಿಗೆ ನೊರೆಹಾಲು ಸೇರಿಸಿದ ಇಟಲಿಯ ಕಾಫಿ, ಮಾಡಲು ಶುರು ಮಾಡಿದ ಮೇಲೆ ಅವುಗಳಲ್ಲಿ ಒಂದೂ ಹೊಂದಲಿಲ್ಲ. ಚಹಾದ ಕಪ್ಪಿನಲ್ಲಿ ನೊರೆಗೆ ಜಾಗವಿಲ್ಲ. ಮದುವೆ, ಗೃಹಪ್ರವೇಶಗಳಲ್ಲಿ ಉಡುಗೊರೆ ಬಂದ ಮಗ್‌ಗಳು ಎಷ್ಟು ದೊಡ್ಡವೆಂದರೆ, ತುಂಬುವಷ್ಟು ಹಾಲು ಹಾಕಿದರೆ ಕಾಫಿ ಎಲ್ಲಿದೆ ಅಂತ ಹುಡುಕಬೇಕು.

ಅಂಗಡಿಗೆ ಹೋಗುವ ಮೊದಲು ಅಡುಗೆಮನೆಯಲ್ಲೇ ಒಂದು ಲೆಕ್ಕ ಹಾಕಿದೆ. ಎಸ್ಪ್ರೆಸೊ ಅಂದರೆ ಯಂತ್ರದಲ್ಲಿ ಬಿಸಿನೀರನ್ನು ಒತ್ತಡದಿಂದ ಹಾಯಿಸಿ ಇಳಿಸುವ ಗಟ್ಟಿ ಕಾಫಿ. ಇಟಲಿಯಲ್ಲಿ ಅದರ ಗುಣಮಟ್ಟ ನೋಡಿಕೊಳ್ಳಲು ಒಂದು ರಾಷ್ಟ್ರೀಯ ಸಂಸ್ಥೆಯೇ ಇದೆ. ಅವರ ಪ್ರಕಾರ ಕ್ಯಾಪುಚಿನೊ ಅಂದರೆ 25 ಮಿ.ಲೀ. ಎಸ್ಪ್ರೆಸೊ, ಅದರ ಮೇಲೆ 100 ಮಿ.ಲೀ. ತಣ್ಣನೆಯ ಹಾಲು. ಹಬೆ ಹಿಡಿದು ನೊರೆ ಬಂದ ಮೇಲೆ ಆ ಹಾಲು 125 ಮಿ.ಲೀ. ಆಗುತ್ತದೆ. ಒಟ್ಟು 150. ಅದಕ್ಕೆ 150ರಿಂದ 160 ಮಿ.ಲೀ. ಹಿಡಿಯುವ ಪಿಂಗಾಣಿ ಕಪ್. ಇಷ್ಟೇ. ನಮ್ಮ ಕಾಫಿ ಅಂಗಡಿಗಳಲ್ಲಿ ಎರಡು ಕೈಯಲ್ಲಿ ಹಿಡಿಯಬೇಕಾದ ಬೋಗುಣಿಯಲ್ಲಿ ಕೊಡುವುದನ್ನು ನೋಡಿ ನೋಡಿ, ಇಷ್ಟು ಚಿಕ್ಕದಾ ಅನಿಸುತ್ತದೆ.

ಆದರೆ ನನ್ನ ಹತ್ತಿರ ಎಸ್ಪ್ರೆಸೊ ಯಂತ್ರ ಇಲ್ಲ. ಗ್ಯಾಸ್ ಒಲೆಯ ಮೇಲೆ ಇಡುವ ಮೋಕಾ ಪಾಟ್ ಇದೆ. 1933ರಲ್ಲಿ ಇಟಲಿಯ ಬಿಯಾಲೆಟ್ಟಿ ಹೊರತಂದ ಎಂಟು ಮೂಲೆಯ ಪಾತ್ರೆಯದೇ ಮಾದರಿ. ದೊಡ್ಡ ಯಂತ್ರದಲ್ಲಿ ನೀರು ಸುಮಾರು 9 ಬಾರ್ ಒತ್ತಡದಲ್ಲಿ ಕಾಫಿಪುಡಿಯೊಳಗೆ ನುಗ್ಗುತ್ತದೆ. ಮೋಕಾ ಪಾಟ್‌ನಲ್ಲಿ ಒತ್ತಡ 1-2 ಬಾರ್ ಅಷ್ಟೇ. ಹಾಗಾಗಿ ಕಾಫಿ ಎಸ್ಪ್ರೆಸೊಗಿಂತ ತೆಳು, ಆದರೆ ಪ್ರಮಾಣ ಜಾಸ್ತಿ. ನನ್ನದು ಮೂರು ಕಪ್ಪಿನ ಪಾಟ್. ಅಂದರೆ ಇಟಲಿಯವರ ಗುಟುಕು ಕಪ್ಪು ಮೂರು, ನಮ್ಮ ಕಪ್ಪಲ್ಲ. ಅದರಿಂದ ಸುಮಾರು 120 ಮಿ.ಲೀ. ಇಳಿಯುತ್ತದೆ. ಒಂದು ಸಲಕ್ಕೆ ಇಬ್ಬರಿಗೆ, ತಲಾ 60. ಅದಕ್ಕೆ ನೊರೆಹಾಲು 125 ಸೇರಿಸಿದರೆ 185. ಅಂಚಿನವರೆಗೆ ತುಂಬಿದರೆ 200 ಹಿಡಿಯುವ ಕಪ್ ನನಗೆ ಸರಿ ಅಂತಾಯಿತು.

ನಿಮ್ಮಲ್ಲಿ ಯಂತ್ರ ಇದ್ದರೆ 160-170 ಸಾಕು. ಫಿಲ್ಟರ್ ಡಿಕಾಕ್ಷನ್ ಹಾಕುವವರು 40 ಮಿ.ಲೀ. ಗಟ್ಟಿ ಡಿಕಾಕ್ಷನ್ ಹಿಡಿದು ಇದೇ ಲೆಕ್ಕ ಮಾಡಿಕೊಳ್ಳಬಹುದು. ಇನ್ನೊಂದು ಮಾತು. ಅಂಗಡಿಯಲ್ಲಿ ಡಬ್ಬಿಯ ಮೇಲೆ ಬರೆದಿರುವುದು ಸಾಮಾನ್ಯವಾಗಿ ಅಂಚಿನವರೆಗಿನ ಅಳತೆ. ಅಂಚಿನವರೆಗೆ ತುಂಬಿ ಯಾರೂ ಕುಡಿಯುವುದಿಲ್ಲ. 10-15 ಮಿ.ಲೀ. ಕಳೆದೇ ನೋಡಬೇಕು.

ಖಡೇ ಬಜಾರಿನ ಕಡೆ ಹೋದಾಗ ಚೀಲದಲ್ಲಿ ಚಿಕ್ಕ ನೀರಿನ ಬಾಟಲಿ ಇಟ್ಟುಕೊಂಡಿದ್ದೆ. ಮದುವೆ ಊಟಕ್ಕೆ ಎಲೆಯ ಪಕ್ಕ ಇಡುತ್ತಾರಲ್ಲ, ಆ 200 ಮಿ.ಲೀ. ಬಾಟಲಿ. ಹೆಚ್ಚಿನ ಕಪ್ಪುಗಳ ಮೇಲೆ ಅಳತೆಯೇ ಇರುವುದಿಲ್ಲ. ಬಾಟಲಿ ಪೂರ್ತಿ ಸುರಿದಾಗ ನೀರು ಅಂಚಿಗೆ ಬಂದು ನಿಂತರೆ ಅದೇ ನಮ್ಮ ಕಪ್. ಅಂಗಡಿಯ ಹಿರಿಯರು ಸ್ವಲ್ಪ ಹೊತ್ತು ಸುಮ್ನೆ ನೋಡಿದರು. ಆಮೇಲೆ, 'ಅಕ್ಕಾರ, ಕಪ್ ತಗೊಳ್ಳಾಕ ಬಂದೀರೋ, ಅಭಿಷೇಕ ಮಾಡಾಕ ಬಂದೀರೋ?' ಅಂದರು. ನಕ್ಕರೂ ಒಂದು ಟವೆಲ್ ಕೊಟ್ಟರು. ಅಷ್ಟೇ ಅಲ್ಲ, ಮುಂದಿನ ಗಾಜಿನ ಕಪಾಟು ಬಿಟ್ಟು ಒಳಗೆ ಹೋಟೆಲ್ ಸಾಮಾನು ಇಟ್ಟಿದ್ದ ಕಡೆ ಕರೆದುಕೊಂಡು ಹೋದರು. ನನಗೆ ಬೇಕಾದದ್ದು ಅಲ್ಲೇ ಇತ್ತು. ಹೋಟೆಲಿನವರಿಗೆ ಅಂತ ತರಿಸಿದ ಬಿಳಿ, ದಪ್ಪ, ಚಿತ್ತಾರವಿಲ್ಲದ ಕಪ್ಪುಗಳು. ಬಿಡಿಯಾಗಿಯೂ ಕೊಡುತ್ತಾರೆ. ಗಿಫ್ಟ್ ಡಬ್ಬಿಯ ಬಂಗಾರದ ಅಂಚಿನ ಸೆಟ್‌ಗಿಂತ ಅಗ್ಗ. ಬಂಗಾರದ ಅಂಚು ಇದ್ದರೆ ಮೈಕ್ರೋವೇವ್‌ಗೂ ಇಡುವಂತಿಲ್ಲ.

ಅಳತೆ ಸರಿ ಇದ್ದ ಕಪ್ಪುಗಳಲ್ಲಿ ಎರಡು ಆಕಾರ ಇದ್ದವು. ಒಂದು ನೆಟ್ಟಗಿನ ಗೋಡೆ, ಚಪ್ಪಟೆ ತಳ. ಇನ್ನೊಂದು ಅಗಲ ಬಾಯಿ, ಗುಂಡನೆಯ ತಳ. ಎರಡನ್ನೂ ಒಂದೊಂದು ತಂದು ಮನೆಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದೆ. ಗುಂಡು ತಳದ ಕಪ್ಪನ್ನು ತುಸು ವಾಲಿಸಿ ಹಿಡಿದರೆ ಕಾಫಿ ಒಂದು ಕಡೆ ಕೂಡಿಕೊಳ್ಳುತ್ತದೆ. ಅದರ ನಡುವಿಗೆ ಹಾಲು ಬಿಟ್ಟರೆ, ತಳಕ್ಕೆ ಹೋಗಿ ಬಾಗಿನ ಗುಂಟ ತಿರುಗಿ ಮೇಲೆ ಬರುತ್ತದೆ. ಕಾಫಿಯನ್ನೂ ಜೊತೆಗೆ ಎತ್ತಿಕೊಂಡು ಬರುತ್ತದೆ. ಕಪ್ ತುಂಬುತ್ತಾ ನೆಟ್ಟಗಾಗುವಾಗ ನೊರೆ ನಡುವೆ ಬಿಳಿಯಾಗಿ ಹರಡಿ, ಸುತ್ತಲೂ ಕಂದು ಬಣ್ಣದ ಉಂಗುರ ಉಳಿಯುತ್ತದೆ. ಹೂವು, ಎಲೆ ಬಿಡಿಸಲು ನನಗೆ ಬರುವುದಿಲ್ಲ. ಆ ಉಂಗುರ ಮಾತ್ರ ತಾನಾಗಿಯೇ ಬರುತ್ತದೆ. ಮೊದಲ ಗುಟುಕಿನಲ್ಲಿ ಕಾಫಿಯೂ ನೊರೆಯೂ ಒಟ್ಟಿಗೆ ಬಾಯಿಗೆ ಸಿಗುವುದು ಇದರಿಂದಲೇ.

ಚಪ್ಪಟೆ ತಳದಲ್ಲಿ ಹಾಗಾಗಲಿಲ್ಲ. ಹಾಲು ಮೂಲೆಗೆ ಬಡಿದು ನಿಂತಿತು, ಕೆಳಗೆ ಕಪ್ಪು ಕಾಫಿ ಉಳಿಯಿತು, ಚಮಚದಿಂದ ಕಲಕಬೇಕಾಯಿತು. ಕಲಕಿದರೆ ನೊರೆ ಹೋಯಿತು. ಸಕ್ಕರೆ ಹಾಕುವವರಿಗೂ ಗುಂಡು ತಳವೇ ಒಳ್ಳೆಯದು. ಮೊದಲು ಸಕ್ಕರೆ, ಮೇಲೆ ಬಿಸಿ ಕಾಫಿ, ಒಂದು ಸುತ್ತು ಚಮಚ, ಆಮೇಲೆ ಹಾಲು. ಕಬ್ಬಿನ ಸೀಮೆಯವರಿಗೆ ಸಕ್ಕರೆ ಬೇಡ ಅಂತ ಹೇಳುವ ಧೈರ್ಯ ನನಗಿಲ್ಲ.

ಬಾಯಿ ಎಷ್ಟು ಅಗಲ ಇರಬೇಕು? ನನ್ನದು ಎಂಟೂವರೆ ಸೆಂಟಿಮೀಟರ್ ಹತ್ತಿರ. ಅದಕ್ಕಿಂತ ಅಗಲವಾದರೆ ಅಷ್ಟೇ ನೊರೆ ತೆಳ್ಳಗೆ ಹರಡುತ್ತದೆ, ಬೇಗ ಆರುತ್ತದೆ. ಸ್ಟೀಲ್ ಲೋಟದಂತೆ ಕಿರಿದಾದರೆ ಮೊದಲು ನೊರೆ ಮಾತ್ರ ಬಾಯಿಗೆ ಬರುತ್ತದೆ. ಸ್ಟೀಲ್ ಅಂಚು ತುಟಿ ಸುಡುವುದು ಬೇರೆ. ಡಬರಿ-ಲೋಟ ಫಿಲ್ಟರ್ ಕಾಫಿಗೆ ಚೆಂದ, ಅದನ್ನು ಅಲ್ಲೇ ಬಿಡೋಣ.

ದಪ್ಪ ಕಪ್ಪೋ, ತೆಳು ಕಪ್ಪೋ ಅನ್ನುವುದಕ್ಕೆ ಜನ ಥಟ್ಟನೆ ದಪ್ಪ ಅನ್ನುತ್ತಾರೆ. ಬಿಸಿ ಉಳಿಯುತ್ತದೆ ಅಂತ. ಅರ್ಧ ನಿಜ. ತಣ್ಣಗಿರುವ ದಪ್ಪ ಕಪ್ ಮೊದಲು ಕಾಫಿಯ ಬಿಸಿಯನ್ನೇ ತಿನ್ನುತ್ತದೆ. ಒಂದು ಗ್ರಾಂ ಪಿಂಗಾಣಿ ಬಿಸಿಯಾಗಲು ಒಂದು ಗ್ರಾಂ ನೀರಿಗೆ ಬೇಕಾದ ಶಾಖದ ಕಾಲು ಭಾಗಕ್ಕಿಂತ ತುಸು ಕಮ್ಮಿ ಸಾಕು. ಆ ಲೆಕ್ಕದಲ್ಲಿ 200 ಗ್ರಾಂ ತೂಕದ ಕಪ್ ಅಂದರೆ 45 ಗ್ರಾಂ ತಣ್ಣೀರು ಸೇರಿಸಿದ ಹಾಗೆ. 62 ಡಿಗ್ರಿಯ ಕ್ಯಾಪುಚಿನೊ ಸುರಿದರೆ 7-8 ಡಿಗ್ರಿ ಕಪ್ಪಿಗೇ ಹೋಗುತ್ತದೆ. ಡಿಸೆಂಬರ್ ಬೆಳಗಿನಲ್ಲಿ, ಇಲ್ಲವೇ ಜುಲೈ ಮಳೆಯಲ್ಲಿ ನಮ್ಮೂರಿನ ಕಪಾಟಿನಿಂದ ತೆಗೆದ ಕಪ್ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಅದಕ್ಕೆ ಮೋಕಾ ಪಾಟ್ ಒಲೆಗೆ ಇಡುವಾಗಲೇ ಕಪ್ಪುಗಳಿಗೆ ಬಿಸಿನೀರು ತುಂಬಿ ಇಡುತ್ತೇನೆ. ಕಾಫಿ ಬರುವ ಹೊತ್ತಿಗೆ ಚೆಲ್ಲಿ ಒರೆಸಿದರೆ ಆಯಿತು. ಬಿಸಿ ಮಾಡಿಕೊಂಡ ಮೇಲೆ ದಪ್ಪ ಕಪ್ ನಿಜವಾಗಿಯೂ ಉಪಕಾರಿ. ಈ ಕೆಲಸ ಬೇಡ ಅನ್ನುವವರು ತೆಳುವಾದ ಬೋನ್ ಚೈನಾ ತಗೊಳ್ಳಲಿ. ಅದು ತಿನ್ನುವ ಶಾಖ ಕಮ್ಮಿ. ಬೆಳಕಿಗೆ ಹಿಡಿದರೆ ಹಿಂದಿನ ಬೆರಳಿನ ನೆರಳು ಕಾಣಬೇಕು, ಅದು ಬೋನ್ ಚೈನಾದ ಗುರುತು.

ಎರಡು ಪದರದ ಗಾಜಿನ ಕಪ್ಪೂ ಸಿಗುತ್ತವೆ. ನಡುವೆ ಗಾಳಿ ಇರುವುದರಿಂದ ಕೈ ಸುಡುವುದಿಲ್ಲ, ಕಾಫಿ ಬೇಗ ಆರುವುದಿಲ್ಲ, ನೋಡಲು ಸೊಗಸು. ಆದರೆ ನಮ್ಮ ಕಲ್ಲಿನ ಸಿಂಕ್‌ನಲ್ಲಿ ಎಷ್ಟು ದಿನ ಬಾಳೀತು ಅಂತ ನಾನು ಕೈ ಹಾಕಲಿಲ್ಲ.

ಖಾನಾಪುರದ ಮಣ್ಣಿನ ಕಪ್ಪಿನ ಬಗ್ಗೆ ಅತ್ತೆ ಕೇಳಿದರು. ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು, ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೇ ಅಲ್ಲಿದೆ. ನನಗೂ ಆಸೆ ಇತ್ತು. ಮೆರುಗು ಹಾಕದ ಕೆಂಪು ಮಣ್ಣು ಮಾತ್ರ ದಿನದ ಹಾಲಿಗೆ ಆಗುವುದಿಲ್ಲ. ಅದರ ಸಣ್ಣ ರಂಧ್ರಗಳಲ್ಲಿ ಹಾಲು ಇಳಿದು ವಾಸನೆ ನಿಲ್ಲುತ್ತದೆ. ಎಮ್ಮೆ ಹಾಲಿನ ಜಿಡ್ಡು ಬೇರೆ. ಒಳಗೆ ಆಹಾರಕ್ಕೆ ಯೋಗ್ಯವಾದ ಮೆರುಗು ಇದ್ದರೆ ಅಡ್ಡಿಯಿಲ್ಲ.

ಬಣ್ಣದಲ್ಲಿ ನಾನು ಬಿಳಿಯ ಕಡೆ. 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದೇ ಕಾಫಿಯನ್ನು ಬಿಳಿ, ನೀಲಿ, ಪಾರದರ್ಶಕ ಮಗ್‌ಗಳಲ್ಲಿ ಕೊಟ್ಟು ನೋಡಿದ್ದರು. ಬಿಳಿ ಮಗ್‌ನದು ಕುಡಿದವರಿಗೆ ಸಿಹಿ ಕಮ್ಮಿ ಅನಿಸಿತಂತೆ. ನನ್ನ ಕಾರಣ ಅಷ್ಟು ದೊಡ್ಡದಲ್ಲ. ಬಿಳಿಯಲ್ಲಿ ಕಲೆ ಕಾಣುತ್ತದೆ, ಅಡುಗೆ ಸೋಡಾ ಹಾಕಿ ತಿಕ್ಕಬಹುದು.

ಹಿಡಿಕೆ ಆರಿಸಿದ್ದು ಅತ್ತೆ. ಅವರ ಬೆರಳಿನ ಗಂಟುಗಳು ನೋಯುತ್ತವೆ, ಒಂದೇ ಬೆರಳು ಹೋಗುವ ಕಿವಿ ಅವರಿಗೆ ಆಗುವುದಿಲ್ಲ. ಎರಡು ಬೆರಳು ಹಿಡಿಸಬೇಕು, ಬೆರಳಿನ ಗಂಟು ಬಿಸಿ ಗೋಡೆಗೆ ತಾಕಬಾರದು. ಇದನ್ನು ಖಾಲಿ ಕಪ್ಪಿನಲ್ಲಿ ನೋಡಿದರೆ ತಿಳಿಯುವುದಿಲ್ಲ, ನೀರು ತುಂಬಿಯೇ ಎತ್ತಿ ನೋಡಬೇಕು. ಆಮೇಲೆ ಅತ್ತೆ ಗಡಿಗೆ ತಗೊಳ್ಳುವಾಗ ಮಾಡುವಂತೆ ಒಂದೊಂದೇ ಕಪ್ಪನ್ನು ಬೆರಳಿನಿಂದ ಬಾರಿಸಿದರು. ಠಣ್ ಅಂದದ್ದು ಈಚೆ, ಠಕ್ ಅಂದದ್ದು ಆಚೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಸದ್ದು ಮಂಕಾಗುತ್ತದೆ. ತಳದ ಒರಟು ಉಂಗುರಕ್ಕೂ ಕೈ ಆಡಿಸಿ. ಒಂದರ ಮೇಲೊಂದು ಇಟ್ಟಾಗ ಕೆಳಗಿನ ಕಪ್ಪಿನ ಮೆರುಗು ಗೀಚುವುದು ಅದೇ.

ಬಸಿ ಬೇಕೋ ಬೇಡವೋ ಅಂತ ನಮ್ಮಲ್ಲಿ ಚರ್ಚೆಯೇ ಆಗಲಿಲ್ಲ. ಬೇಕು. ಮಾವ ಕ್ಯಾಪುಚಿನೊವನ್ನೂ ಬಸಿಗೆ ಸುರುವಿಕೊಂಡೇ ಕುಡಿಯುತ್ತಾರೆ, ನೊರೆ ಸಮೇತ. ಅವರಿಗಾಗಿ ಆಳವಾದ ಬಸಿ ಆರಿಸಿದೆವು. ಇರುವುದು ನಾಲ್ಕೇ ಜನವಾದರೂ ಕಪ್ ಆರು ತಂದೆವು. ಅದೇ ಅಚ್ಚಿನ ಮಾಲು ಮತ್ತೆ ಬರುತ್ತದೆ ಅಂತ ಹೇಳೋಕಾಗಲ್ಲ ಅಂತ ಅಂಗಡಿಯವರೇ ಹೇಳಿದ್ದರು.