ಲೋಗೊ ಒಂದೇ ಕಡೆ: ಪೀಣ್ಯದ ಒಂದು ಕಾರ್ಪೊರೇಟ್ ಕಚೇರಿಯ ಒಳಾಂಗಣ, ನನ್ನ ಅನುಭವ

ಪೀಣ್ಯದ ಯಂತ್ರೋಪಕರಣ ತಯಾರಿಕಾ ಕಂಪನಿಯೊಂದರ ಕಾರ್ಪೊರೇಟ್ ಕಚೇರಿಯ ಒಳಾಂಗಣ ಮುಗಿಸಿ ಕೊಟ್ಟ ಮೇಲೆ ಎರಡು ಮಳೆಗಾಲ ಕಳೆದಿವೆ. ಒಂದು ಸಂದು ಬಾಯಿ ಬಿಟ್ಟಿಲ್ಲ, ಒಂದು ಫಲಕ ತುಕ್ಕು ಹಿಡಿದಿಲ್ಲ. ಆದ್ದರಿಂದ ಈಗ ಇದನ್ನು ಬರೆಯಬಹುದು ಎನಿಸುತ್ತದೆ. ಗೋಡೆಗಳಿಗೆ ಬ್ರ್ಯಾಂಡಿನ ನೀಲಿ ಬಳಿಯದೆ, ಲೋಗೊವನ್ನು ಒಂದೇ ಕಡೆ ಇಟ್ಟು, ಘೋಷವಾಕ್ಯದ ಒಂದು ವಿನೈಲ್ ಅಕ್ಷರವನ್ನೂ ಅಂಟಿಸದೆ ಬ್ರ್ಯಾಂಡನ್ನು ತೋರಿಸುತ್ತೇನೆ ಎಂದಾಗ ನಮ್ಮ ವೃತ್ತಿಯ ಹಿರಿಯರೊಬ್ಬರು, "ಬಿಲ್ ಪಾಸ್ ಆಗುವುದಿಲ್ಲ, ನೋಡಿಕೊಳ್ಳಿ" ಎಂದಿದ್ದರು. ಕಂಪನಿಯ ಮಾರ್ಕೆಟಿಂಗ್ ವಿಭಾಗದವರ ಅಭಿಪ್ರಾಯವೂ ಅದಕ್ಕಿಂತ ಭಿನ್ನವಾಗಿರಲಿಲ್ಲ.

ಅವರ ಕೈಯಲ್ಲಿ ಏಜೆನ್ಸಿಯೊಂದು ತಯಾರಿಸಿ ಕೊಟ್ಟಿದ್ದ ಬ್ರ್ಯಾಂಡ್ ಪುಸ್ತಕವಿತ್ತು. ಷಟ್ಕೋನದ ವಿನ್ಯಾಸ, ನೀಲಿಯ ಮೂರು ಛಾಯೆಗಳು, "ನಿಖರತೆಯೇ ನಮ್ಮ ಉಸಿರು" ಎಂಬ ಅರ್ಥದ ಇಂಗ್ಲಿಷ್ ಘೋಷವಾಕ್ಯ. ನಿಖರತೆ ಎಂದು ಗೋಡೆಯ ಮೇಲೆ ಬರೆದು, ಆ ಗೋಡೆಯ ಬುಡದ ಪಟ್ಟಿ, ಅಂದರೆ ಸ್ಕರ್ಟಿಂಗ್, ಒಂದು ತುದಿಯಲ್ಲಿ ನಾಲ್ಕು ಮಿಲಿಮೀಟರ್ ಎದ್ದಿದ್ದರೆ, ಮೈಕ್ರಾನ್‌ಗಳಲ್ಲಿ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಳೆದೇ ಬದುಕುವ ಗ್ರಾಹಕ ಮೊದಲು ನೋಡುವುದು ಸ್ಕರ್ಟಿಂಗನ್ನು. ಈ ಒಂದು ಮಾತನ್ನು ಹಿಡಿದುಕೊಂಡೇ ನಾನು ಕಂಪನಿಯ ಆಡಳಿತ ನಿರ್ದೇಶಕರನ್ನು ಒಪ್ಪಿಸಿದೆ. ಅವರು ಶಾಪ್‌ ಫ್ಲೋರಿನಿಂದ, ಯಂತ್ರಗಳ ನಡುವೆ ದುಡಿದು, ಮೇಲೆ ಬಂದವರು. ಬ್ರ್ಯಾಂಡ್ ಪುಸ್ತಕಕ್ಕಿಂತ ಅಳತೆಯ ವರ್ನಿಯರ್ ಅವರಿಗೆ ಹತ್ತಿರದ ವಸ್ತು.

ಜಾಗ ಸುಮಾರು ಹದಿನಾಲ್ಕು ಸಾವಿರ ಚದರಡಿ, ಅವರದೇ ಹಳೆಯ ಕಟ್ಟಡದ ಮೊದಲ ಎರಡು ಅಂತಸ್ತು. ನಾನು ಕೊಟ್ಟ ಅಂದಾಜು ಚದರಡಿಗೆ 2,400 ರೂಪಾಯಿಯ ಆಸುಪಾಸು, ಅಂದರೆ ತೆರಿಗೆ ಬಿಟ್ಟು ಮೂರೂಕಾಲು ಕೋಟಿಗಿಂತ ತುಸು ಹೆಚ್ಚು. ಬೇರೊಬ್ಬರು 2,100ಕ್ಕೆ ಒಪ್ಪಿದ್ದರು. ಆ ಮುನ್ನೂರು ರೂಪಾಯಿಯ ವ್ಯತ್ಯಾಸಕ್ಕೆ ನಾನು ಏನು ಕೊಡುತ್ತೇನೆ ಎಂಬ ಪ್ರಶ್ನೆಗೆ ಉತ್ತರ ಹೇಳುವುದರಲ್ಲೇ ಈ ಕೆಲಸದ ಮುಕ್ಕಾಲು ಭಾಗ ಕಳೆಯಿತು.

ಮೊದಲ ತೊಡಕು ಕಟ್ಟಡದ್ದೇ. ನೆಲ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮೂವತ್ತು ಮಿಲಿಮೀಟರಿನಷ್ಟು ಇಳಿದಿತ್ತು. ತಾನೇ ಹರಡಿ ಮಟ್ಟವಾಗುವ ಸೆಲ್ಫ್ ಲೆವೆಲಿಂಗ್ ಪದರ ಹಾಕಿಸಿದ್ದರೆ ಒಂಬತ್ತು ಹತ್ತು ಲಕ್ಷ ಅಲ್ಲಿಗೇ ಹೋಗುತ್ತಿತ್ತು. ಆ ಇಳಿಜಾರನ್ನು ಸರಿಪಡಿಸಲು ನಾನು ನೆಲವನ್ನು ಮುಟ್ಟಲೇ ಇಲ್ಲ. ಲೇಸರ್ ಹಿಡಿದು ಒಂದು ಮೀಟರ್ ಎತ್ತರದಲ್ಲಿ ಇಡೀ ಅಂತಸ್ತಿಗೆ ಒಂದೇ ಗೆರೆ ಹಾಕಿಸಿ, ಟೇಬಲ್, ಪಾರ್ಟಿಷನ್, ಗಾಜಿನ ಪಟ್ಟಿ, ಸ್ವಿಚ್ ಬೋರ್ಡ್ ಎಲ್ಲವನ್ನೂ ಆ ಗೆರೆಯಿಂದ ಕೆಳಗೆ ಮೇಲೆ ಅಳೆಯುವಂತೆ ಡ್ರಾಯಿಂಗ್ ಬದಲಿಸಿದೆ. ನೆಲದ ಏರಿಳಿತವನ್ನೆಲ್ಲ ಒಳಕ್ಕೆ ಸರಿಸಿದ ಕಪ್ಪು ಸ್ಕರ್ಟಿಂಗ್ ನುಂಗಿಕೊಂಡಿತು. ಬಾಗಿಲುಗಳ ಕೆಳಗೆ ಆ ವ್ಯತ್ಯಾಸ ಕಾಣದಂತೆ ಹೇಗೆ ಮಾಡಿದೆ ಎಂಬುದು ನನ್ನ ಬಳಿಯೇ ಇರಲಿ. ಮುಂದಿನ ಎರಡು ಮೂರು ಕೆಲಸಗಳಲ್ಲಿ ಅದು ನನಗೆ ಬೇಕಾಗುತ್ತದೆ.

ಎರಡನೆಯದು ಸಂದುಗಳು. ಪ್ಯಾನಲ್ ಮತ್ತು ಪ್ಯಾನಲ್ ನಡುವೆ, ಗೋಡೆ ಮತ್ತು ಫಾಲ್ಸ್ ಸೀಲಿಂಗ್ ನಡುವೆ, ಬಾಗಿಲ ಚೌಕಟ್ಟಿನ ಸುತ್ತ, ಎಲ್ಲೆಡೆ ಆರು ಮಿಲಿಮೀಟರಿನ ಗ್ರೂವ್, ಅಂದರೆ ಬೇಕೆಂದೇ ಬಿಟ್ಟ ಸಂದು, ಇರಬೇಕೆಂದು ಬರೆದೆ. ಹೀಗೆ ಬರೆಯುವುದನ್ನು ಎಲ್ಲರೂ ಬಲ್ಲರು. ಸೈಟಿನಲ್ಲಿ ಅದು ಐದರಿಂದ ಒಂಬತ್ತರವರೆಗೆ ಎಷ್ಟಾದರೂ ಆಗುವುದನ್ನೂ ಎಲ್ಲರೂ ಬಲ್ಲರು. ಮೊದಲು ಬಂದ ಮರಗೆಲಸದ ಗುತ್ತಿಗೆದಾರರು ಮಾದರಿ ಕೋಣೆಯಲ್ಲಿ ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿ, ನಾಲ್ಕನೆಯ ಸಲ ಹೇಳಿದಾಗ ಅಡ್ವಾನ್ಸ್ ಸಮೇತ ಸೈಟ್ ಬಿಟ್ಟು ಹೋದರು. ಸುಮಾರು ಎರಡೂವರೆ ಲಕ್ಷ ಸಿಕ್ಕಿಹಾಕಿಕೊಂಡಿತು, ಇಂದಿಗೂ ಪೂರ್ತಿ ಬಂದಿಲ್ಲ. ಕಾರ್ಖಾನೆಯಲ್ಲಿ ಬಿಡಿಭಾಗ ತಪಾಸಣೆ ಮಾಡುವವರನ್ನು ನೋಡುತ್ತಿದ್ದಾಗ ಇದಕ್ಕೆ ದಾರಿ ಹೊಳೆಯಿತು. ಅವರು ಪ್ರತಿ ರಂಧ್ರವನ್ನೂ ಅಳೆಯುವುದಿಲ್ಲ. ಗೋ, ನೋ ಗೋ ಗೇಜ್ ಇಟ್ಟುಕೊಂಡಿರುತ್ತಾರೆ: ಒಂದು ತುದಿ ಒಳಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಕಂಪನಿಯ ಟೂಲ್ ರೂಮಿನಲ್ಲೇ ಅಂಥ ಗೇಜ್‌ಗಳನ್ನು ಮಾಡಿಸಿದೆ. ಒಂದು ತುದಿ ಐದೂವರೆ, ಇನ್ನೊಂದು ಆರೂವರೆ ಮಿಲಿಮೀಟರ್, ಹಿಡಿಯಲು ಒಂದು ತೂತು. ಹೊಸ ಮೇಸ್ತ್ರಿಯ ಪ್ರತಿ ಹುಡುಗನ ಕೊರಳಲ್ಲೂ ಒಂದೊಂದು ನೇತಾಡಿತು.

ಗೇಜ್ ಮಾತ್ರ ಸಾಲುತ್ತಿರಲಿಲ್ಲ, ಹಣವೂ ಬೇಕಿತ್ತು. ತಪ್ಪಿದ ಸಂದಿಗೆ ದಂಡ ಹಾಕುವುದು ನಮ್ಮ ಕ್ಷೇತ್ರದ ರೂಢಿ. ದಂಡ ಹಾಕಿದಷ್ಟೂ ಜಗಳ ಬೆಳೆಯುತ್ತದೆ, ಕೆಲಸ ಕೆಡುತ್ತದೆ. ನಾನು ತಿರುಗಿಸಿ ಯೋಚಿಸಿದೆ. ಮಾಮೂಲಿ ದರವನ್ನು ಹಾಗೆಯೇ ಇಟ್ಟು, ಗೇಜ್ ಪರೀಕ್ಷೆಯಲ್ಲಿ ಪಾಸಾದ ಪ್ರತಿ ರನ್ನಿಂಗ್ ಫುಟ್ ಗ್ರೂವಿಗೆ ಹನ್ನೆರಡು ರೂಪಾಯಿ ಹೆಚ್ಚುವರಿ ಎಂದೆ, ಅದನ್ನು ಶನಿವಾರವೇ ಹುಡುಗರ ಕೈಗೆ ಕೊಡುವಂತೆ ಮಾಡಿದೆ. ಇಡೀ ಕಚೇರಿಯಲ್ಲಿ ಒಂಬತ್ತು ಸಾವಿರ ಅಡಿಗೂ ಮೇಲ್ಪಟ್ಟು ಗ್ರೂವ್ ಇರಬಹುದು, ಖರ್ಚಾದದ್ದು ಒಂದು ಲಕ್ಷ ಹತ್ತು ಸಾವಿರದಷ್ಟು. ಮೂರು ಕೋಟಿಯ ಕೆಲಸದಲ್ಲಿ ಇದು ಲೆಕ್ಕಕ್ಕೇ ಇಲ್ಲದ ಮೊತ್ತ. ಆದರೆ ಹುಡುಗರು ಪ್ಲೈಯ ತೇವಾಂಶವನ್ನು ಕೇಳತೊಡಗಿದರು, ಬೆಳಿಗ್ಗೆ ಕತ್ತರಿಸಿದ್ದನ್ನು ಸಂಜೆಯೇ ಅಂಚು ಸೀಲ್ ಮಾಡತೊಡಗಿದರು. ಮೂವತ್ತು ಅಡಿ ಉದ್ದದ ಕಾರಿಡಾರಿನಲ್ಲಿ ನಿಂತು ನೋಡಿದರೆ ಸೀಲಿಂಗಿನ ಗ್ರೂವ್, ಗಾಜಿನ ಪಟ್ಟಿ, ಬಾಗಿಲ ಸಂದು ಒಂದೇ ಸಾಲಿನಲ್ಲಿ ಓಡುತ್ತವೆ. ಇಂಥ ಕೆಲಸವನ್ನು ಬೆಂಗಳೂರಿನಲ್ಲಿ ಈ ದರಕ್ಕೆ ಬೇರೆ ಯಾರಾದರೂ ಮಾಡಿದ್ದರೆ ನಾನು ಹೋಗಿ ನೋಡಲು ಸಿದ್ಧ.

ಇನ್ನು ಸ್ವಾಗತ ಕೋಣೆಯ ಗೋಡೆ. ಯಂತ್ರದ ಸ್ಲೈಡ್‌ವೇಗಳನ್ನು (ಭಾಗಗಳು ಜಾರಿ ಓಡುವ ಹಾದಿಗಳನ್ನು) ಗ್ರೈಂಡ್ ಮಾಡಿದ ಮೇಲೂ ಕೈಯಿಂದ ಸ್ಕ್ರೇಪ್ ಮಾಡುವ, ಅಂದರೆ ಕೆರೆದು ಸಮ ಮಾಡುವ, ಪದ್ಧತಿ ಈ ಕಂಪನಿಯಲ್ಲಿ ಇನ್ನೂ ಇದೆ. ನಿಖರವಾಗಿ ಸಮತಟ್ಟಾದ ಸರ್ಫೇಸ್ ಪ್ಲೇಟಿಗೆ ನೀಲಿ ಬಣ್ಣ ಸವರಿ, ಕಬ್ಬಿಣವನ್ನು ಅದರ ಮೇಲೆ ತಿಕ್ಕಿ, ನೀಲಿ ಹತ್ತಿದ ಉಬ್ಬುಗಳನ್ನು ಮಾತ್ರ ಸ್ಕ್ರೇಪರಿನಿಂದ ಕೆರೆಯುತ್ತಾರೆ. ಒಂದು ಚದರ ಇಂಚಿನಲ್ಲಿ ಹದಿನೈದು ಇಪ್ಪತ್ತು ಬಿಂದುಗಳು ತಾಗುವವರೆಗೆ ಅದನ್ನೇ ಮತ್ತೆ ಮತ್ತೆ ಮಾಡುತ್ತಾರೆ. 1953ರಲ್ಲಿ ಸರ್ಕಾರಿ ಯಂತ್ರೋಪಕರಣ ಕಂಪನಿ ಎಚ್‌ಎಂಟಿ ಸ್ಥಾಪನೆಯಾದಂದಿನಿಂದ ಜಾಲಹಳ್ಳಿ, ಪೀಣ್ಯದ ಸುತ್ತ ಈ ಕೈಗೆಲಸ ಬೆಳೆದು ಬಂದಿದೆ. ಬೆಳಕು ಓರೆಯಾಗಿ ಬಿದ್ದಾಗ ಸ್ಕ್ರೇಪ್ ಮಾಡಿದ ಕಬ್ಬಿಣ ಹೊಳೆಯುವ ರೀತಿಯನ್ನು ಕಂಡವರಿಗೆ ಷಟ್ಕೋನದ ವಾಲ್‌ಪೇಪರ್ ತೋರಿಸುವುದೇ ಅನ್ಯಾಯ.

ಇದನ್ನು ಗೋಡೆಗೆ ತರುವುದು ಮಾತ್ರ ಸುಲಭವಾಗಲಿಲ್ಲ. ಮೊದಲು ಫೋಟೊ ತೆಗೆಸಿ ಲ್ಯಾಮಿನೇಟ್ ಮೇಲೆ ಮುದ್ರಿಸಿದೆವು. ಕಾರ್ಖಾನೆಯ ಹಿರಿಯ ಫಿಟ್ಟರ್ ಒಬ್ಬರು ಹತ್ತು ಅಡಿ ದೂರದಿಂದಲೇ, "ಇದು ಚಿತ್ರ ಸರ್" ಎಂದರು, ಅಲ್ಲಿಗೆ ಅದು ಮುಗಿಯಿತು. ಆಮೇಲೆ ಮೃದು ಉಕ್ಕಿನ (ಎಂ.ಎಸ್.) ತಗಡಿನ ಮೇಲೆ ಮಾಡಿಸಿದೆವು. ಮೃದು ಉಕ್ಕನ್ನು ಸ್ಕ್ರೇಪರ್ ಹರಿಯುತ್ತದೆ, ಎರಕದ ಕಬ್ಬಿಣದಲ್ಲಿ ಬರುವಂಥ ಶುಭ್ರವಾದ ಗುರುತು ಅದರಲ್ಲಿ ಬರುವುದಿಲ್ಲ. ಕಡೆಗೆ ಎರಕದ ಕಬ್ಬಿಣವೇ ಎಂದು ತೀರ್ಮಾನಿಸಿದೆ. ಒಂದು ಅಡಿಗಿಂತ ತುಸು ಚಿಕ್ಕ ಚೌಕಗಳು, 300 ಮಿಲಿಮೀಟರ್, ಯಂತ್ರದಲ್ಲಿ ಹೆರೆದ ಮೇಲೆ 10 ಮಿಲಿಮೀಟರ್ ದಪ್ಪ. ಒಂದೊಂದರ ತೂಕ ಆರೂವರೆ ಕಿಲೋ. ಅಡ್ಡಕ್ಕೆ ಹನ್ನೆರಡು, ಉದ್ದಕ್ಕೆ ಎಂಟು ಎಂದರೆ ಗೋಡೆಯ ಮೇಲೆ ಆರುನೂರು ಕಿಲೋ ದಾಟುತ್ತದೆ. ಹಳೆಯ ಇಟ್ಟಿಗೆ ಗೋಡೆಗೆ ಅದನ್ನು ನೇತುಹಾಕುವ ಪ್ರಶ್ನೆಯೇ ಇರಲಿಲ್ಲ. ಸ್ಟ್ರಕ್ಚರಲ್ ಎಂಜಿನಿಯರರ ಒಪ್ಪಿಗೆ ಪಡೆದು, ಕೆಳಗಿನ ಬೀಮಿನ ಮೇಲೆಯೇ ಭಾರ ಇಳಿಯುವಂತೆ ಬಾಕ್ಸ್ ಸೆಕ್ಷನ್ ಕೊಳವೆಗಳ ಚೌಕಟ್ಟು ನಿಲ್ಲಿಸಿ, ಪ್ರತಿ ಚೌಕಕ್ಕೂ ಹಿಂದಿನಿಂದ ಹೊಂದಿಸಬಹುದಾದ ನಾಲ್ಕು ಬೋಲ್ಟ್ ಕೊಟ್ಟೆವು. ಚೌಕವೊಂದಕ್ಕೆ ಎರಕ, ಯಂತ್ರಗೆಲಸ, ಸ್ಕ್ರೇಪಿಂಗ್ ಎಲ್ಲ ಸೇರಿ ಎರಡು ಸಾವಿರದ ಸುತ್ತ ಬಿತ್ತು. ಚೌಕಟ್ಟು, ದೀಪ ಸೇರಿಸಿದರೆ ಗೋಡೆಯ ಒಟ್ಟು ಖರ್ಚು ಮೂರು ಲಕ್ಷದೊಳಗೇ. ಆಮದು ಮಾಡಿದ ಕಲ್ಲಿನ ಹೊದಿಕೆಗೆ ಬೇರೊಬ್ಬರು ಇಟ್ಟಿದ್ದ ಮೊತ್ತ ಇದರ ಎರಡರಷ್ಟಿತ್ತು.

ತುಕ್ಕಿನ ಸಮಸ್ಯೆ ಹಲವು ತಿಂಗಳು ಕಾಡಿತು. ಮೆಲಮೈನ್ ಲ್ಯಾಕರ್ ಹೊಡೆದರೆ ಲೋಹ ಪ್ಲಾಸ್ಟಿಕ್ಕಿನಂತಾಯಿತು. ಬರಿಯ ಎಣ್ಣೆ ಸವರಿದರೆ ಧೂಳು ಕೂತಿತು. ಮೇಣದ ಒಂದು ಮಿಶ್ರಣ ಜೂನ್ ತಿಂಗಳ ಗಾಳಿಯಲ್ಲಿ ಎರಡು ವಾರಕ್ಕೇ ಸೋತಿತು. ಈಗ ಗೋಡೆಯ ಮೇಲಿರುವುದು ಎರಡು ಪದರದ ಲೇಪ, ವರ್ಷಕ್ಕೊಮ್ಮೆ ಒರೆಸಿದರೆ ಸಾಕು. ಅದರ ಪ್ರಮಾಣವನ್ನು ದಯವಿಟ್ಟು ಕೇಳಬಾರದು. ಕಣ್ಣಿನ ಮಟ್ಟದಲ್ಲಿರುವ ಒಂದು ಚೌಕವನ್ನು ಬೇಕೆಂದೇ ಅರ್ಧ ಕೆಲಸದಲ್ಲಿ ನಿಲ್ಲಿಸಿ, ನೀಲಿ ಬಿಂದುಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಆ ನೀಲಿ ಎಣ್ಣೆಯಲ್ಲಿ ಕಲಸಿದ್ದು, ತಾನಾಗಿ ಒಣಗುವುದಿಲ್ಲ, ಮುಟ್ಟಿದವರ ಬೆರಳಿಗೆಲ್ಲ ಹತ್ತುತ್ತದೆ. ಅದನ್ನು ಕಟ್ಟಿ ನಿಲ್ಲಿಸಿದ ಉಪಾಯವೂ ಸದ್ಯಕ್ಕೆ ನನ್ನದೇ. ಇಡೀ ಸ್ವಾಗತ ಕೋಣೆಯಲ್ಲಿ ನೀಲಿ ಎಂದರೆ ಅದಿಷ್ಟೇ. ಲೋಗೊ ಅದರ ಪಕ್ಕದಲ್ಲಿ, ಅಂಗೈಯಗಲದ್ದು.

ಬಣ್ಣದ ಬಗ್ಗೆಯೂ ಒಂದು ಮಾತು ಹೇಳಬೇಕು. ಬ್ರ್ಯಾಂಡ್ ಪುಸ್ತಕದ ನೀಲಿಯನ್ನು ಎಮಲ್ಷನ್ನಿನಲ್ಲಿ ಹೊಂದಿಸಿ, ಲ್ಯಾಮಿನೇಟ್‌ನಲ್ಲಿ ಹುಡುಕಿ, ಕಾರ್ಪೆಟ್ ಟೈಲಿನಲ್ಲಿ ಹುಡುಕಿ, ಮೂರನ್ನೂ ಒಂದೇ ದೀಪದ ಕೆಳಗಿಟ್ಟಾಗ ಮೂರು ಬಣ್ಣ ಕಂಡವು. ಅಗ್ಗದ ಎಲ್‌ಇಡಿಯ ಕೆಳಗೆ ಎಮಲ್ಷನ್ ನೇರಳೆಯಾಯಿತು. ಆಗ ಪುಸ್ತಕವನ್ನು ಮಡಚಿಟ್ಟು, ಕಂಪನಿಯ ಯಂತ್ರಗಳಿಗೆ ನಿಜವಾಗಿ ಬಳಿಯುವ ಬಣ್ಣ ಯಾವುದೆಂದು ನೋಡಿದೆ. ಮೈಗೆ ರಾಲ್ ಎಂಬ ಪ್ರಮಾಣಿತ ಬಣ್ಣಪಟ್ಟಿಯ 7035ನೆಯ ಸಂಖ್ಯೆಯ ತಿಳಿ ಬೂದು. ಅದು ಪೀಣ್ಯದ ಯಾವ ಪೌಡರ್ ಕೋಟಿಂಗ್ ಅಂಗಡಿಯಲ್ಲೂ ಸದಾ ಸಿಗುವ ಛಾಯೆ, ಬೇರೆ ಬ್ಯಾಚ್ ಮಾಡಿಸುವ ಖರ್ಚಿಲ್ಲ. ಟೇಬಲಿನ ಕಾಲು, ಪಾರ್ಟಿಷನ್ ಚೌಕಟ್ಟು, ಲಾಕರ್, ದೀಪದ ಕವಚ, ಎಲ್ಲವೂ ಅದೇ. ಕೆಲಸಗಾರರು ಕಾರ್ಖಾನೆಯಿಂದ ಕಚೇರಿಗೆ ಬಂದರೆ ಬೇರೆ ಕಂಪನಿಗೆ ಬಂದಂತೆ ಅನಿಸಬಾರದು ಎಂಬುದು ನನ್ನ ಆಸೆಯಾಗಿತ್ತು, ಈ ಬೂದು ಬಣ್ಣ ಅದನ್ನು ನೆರವೇರಿಸಿತು. ದೀಪಗಳಿಗೆ ಮಾತ್ರ ಜಿಪುಣತನ ಮಾಡಲಿಲ್ಲ. ಬೆಳಕಿನ ಛಾಯೆ 4000 ಕೆಲ್ವಿನ್, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಂಕ, ಸಿಆರ್‌ಐ, 90.

ಎಲ್ಲಕ್ಕಿಂತ ಹೆಚ್ಚು ವಾದ ನಡೆದದ್ದು ಅಳತೆಯ ಕೋಣೆಯ ಬಗ್ಗೆ. ಮೂರು ಆಯಾಮದಲ್ಲಿ ಅಳೆಯುವ ಸಿಎಂಎಂ ಯಂತ್ರವನ್ನು ಎಲ್ಲರೂ ಕಾರ್ಖಾನೆಯ ಹಿಂಬದಿಯಲ್ಲಿ ಬಚ್ಚಿಡುತ್ತಾರೆ. ಅದನ್ನು ನೆಲ ಅಂತಸ್ತಿನಲ್ಲಿ ಸ್ವಾಗತ ಕೋಣೆಯ ಪಕ್ಕಕ್ಕೇ ತಂದು ನಡುವೆ ಗಾಜಿನ ಗೋಡೆ ಇಡಬೇಕೆಂದು ಹಟ ಹಿಡಿದೆ. ಅಳತೆಗೆ ಜಗತ್ತೆಲ್ಲ ಒಪ್ಪಿದ ಉಷ್ಣತೆ 20 ಡಿಗ್ರಿ. ಸ್ವಾಗತ ಕೋಣೆ 25ರಲ್ಲಿರುತ್ತದೆ. ಮಳೆಗಾಲದ ತೇವದಲ್ಲಿ ಒಂಟಿ ಗಾಜು ಬೆವರುವ ಅಪಾಯವಿದ್ದುದರಿಂದ ಗಾಳಿ ತುಂಬಿದ ಜೋಡಿ ಗಾಜು ಹಾಕಿಸಿದೆವು, ಸುಮಾರು ಎರಡೂವರೆ ಲಕ್ಷ. ಯಂತ್ರದ ಅಡಿಪಾಯವನ್ನು ಸುತ್ತಲಿನ ನೆಲದಿಂದ ಬೇರ್ಪಡಿಸುವ ಕೆಲಸವನ್ನು ಕಂಪನಿಯವರೇ ಮಾಡಿಕೊಂಡರು. ಒಳಗೆ ಬಂದವರು ಸೋಫಾದಲ್ಲಿ ಕೂತ ಕೂಡಲೇ ಮಾಣಿಕ್ಯದ ತುದಿಯ ಪ್ರೋಬ್ ಒಂದು ಬಿಡಿಭಾಗವನ್ನು ಮುಟ್ಟಿ ಮುಟ್ಟಿ ಸರಿಯುವುದು ಕಾಣುತ್ತದೆ. ಘೋಷವಾಕ್ಯ ಬೇಕೆನ್ನುತ್ತಿದ್ದ ಮಾರ್ಕೆಟಿಂಗ್ ಮುಖ್ಯಸ್ಥರು ಈಗ ಪ್ರತಿ ಅತಿಥಿಯನ್ನೂ ಆ ಗಾಜಿನ ಮುಂದೆ ನಿಲ್ಲಿಸಿಯೇ ಮಾತು ಆರಂಭಿಸುತ್ತಾರೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಲೇತ್‌ನಿಂದ ಬೀಳುವ ಲೋಹದ ಚಿಪ್ಸನ್ನು ರೆಸಿನ್‌ನಲ್ಲಿ ಹಾಕಿ ಮೇಜಿನ ಹಲಗೆ ಮಾಡಬಹುದೆಂದು ಹೊರಟರೆ, ಲೋಹ ಕತ್ತರಿಸುವಾಗ ಹರಿಸುವ ಕೂಲಂಟಿನ ಜಿಡ್ಡು ಬಿಡದೆ ರೆಸಿನ್ ಪದರ ಎದ್ದು ಬಂತು. ಅದೇ ಚಿಪ್ಸನ್ನು ಮೊಸಾಯಿಕ್ ನೆಲಕ್ಕೆ ಹಾಕಿ ನೋಡಿದರೆ ಉಕ್ಕಿನ ಚೂರುಗಳು ಹಸಿ ಸಿಮೆಂಟಿನಲ್ಲಿ ತುಕ್ಕು ಹಿಡಿದು ಕಂದು ಕಲೆ ಬಿಟ್ಟವು. ಹಿತ್ತಾಳೆಯ ಚೂರು ಮಾತ್ರ ನಿಂತಿತು. ಹಳೆಯ ಬೆಂಗಳೂರಿನ ಮನೆಗಳಿಗೆ ಮೊಸಾಯಿಕ್ ಹಾಕುತ್ತಿದ್ದ ಮೇಸ್ತ್ರಿಯೊಬ್ಬರನ್ನು ಹುಡುಕಿ ತಂದು ಸ್ವಾಗತ ಕೋಣೆಯ ಮುನ್ನೂರು ಚದರಡಿಗೆ ಕರಿಕಲ್ಲಿನ ಚೂರು ಮತ್ತು ಹಿತ್ತಾಳೆ ಬೆರೆಸಿ ಹಾಕಿಸಿದೆ. ಚದರಡಿಗೆ ನಾನೂರರ ಹತ್ತಿರ. ಒಂದು ವಾರಕ್ಕೂ ಹೆಚ್ಚು ನೀರುಣಿಸಿ, ಆಮೇಲೆ ಕಲ್ಲು ತಿರುಗಿಸಿ ಹೊಳಪು ಕೊಡುವಾಗ ಬಂದ ಕೆಸರಿನಿಂದ ಪಕ್ಕದ ಗ್ಲಾಸ್ ಫ್ರೇಮುಗಳನ್ನು ಕಾಪಾಡುವುದೇ ದೊಡ್ಡ ಕೆಲಸವಾಯಿತು.

ನಾಮಫಲಕದಲ್ಲಿ ಶೇ. 60 ಭಾಗ ಕನ್ನಡವಿರಬೇಕೆಂಬ 2024ರ ತಿದ್ದುಪಡಿ ಬಂದಾಗ ನಮ್ಮ ಕೆಲಸ ನಡೆಯುತ್ತಿತ್ತು. ಬ್ರ್ಯಾಂಡ್ ಪುಸ್ತಕದಲ್ಲಿ ಕನ್ನಡವೇ ಇರಲಿಲ್ಲ. ಸಿಕ್ಕ ಫಾಂಟಿನಲ್ಲಿ ಬರೆಸಿ ಕೈತೊಳೆದುಕೊಳ್ಳುವ ಬದಲು, ಇಂಗ್ಲಿಷ್ ಅಕ್ಷರದ ಗೆರೆಯ ದಪ್ಪವನ್ನೇ ಹಿಡಿದು ಕನ್ನಡದ ಹೆಸರನ್ನು ಹೊಸದಾಗಿ ಬರೆಸಿದೆ. ಹೆಸರಿನಲ್ಲಿ ಎರಡು ಒತ್ತಕ್ಷರಗಳಿರುವುದರಿಂದ ಫಲಕದ ಎತ್ತರವನ್ನು ಮೂರನೇ ಒಂದರಷ್ಟು ಹೆಚ್ಚಿಸಬೇಕಾಯಿತು. ಕೋಣೆಗಳ ಹೆಸರನ್ನು ಅವರದೇ ಲೇಸರ್‌ನಲ್ಲಿ ಸ್ಟೇನ್‌ಲೆಸ್ ತಗಡಿನೊಳಗೆ ಕೊರೆಸಿದೆವು. ಕನ್ನಡದಲ್ಲಿ ಮುಚ್ಚಿದ ಸುತ್ತುಗಳು ಹೆಚ್ಚು, ಕೊರೆದರೆ ನಡುವಿನ ಚೂರು ಉದುರಿಹೋಗುತ್ತದೆ. ಪ್ರತಿ ಸುತ್ತಿಗೂ ಮೇಲೆ ಬಲಕ್ಕೆ, ಒಂದೇ ಓರೆಯಲ್ಲಿ, ಎರಡು ಮಿಲಿಮೀಟರಿನ ಸೇತುವೆ ಬಿಟ್ಟೆವು. ಆ ಕತ್ತರಿಸಿದ ಗುರುತೇ ಈಗ ಕಂಪನಿಯ ಕನ್ನಡ ಅಕ್ಷರದ ಲಕ್ಷಣವಾಗಿ, ಲಾರಿಗಳ ಮೇಲೂ ಪ್ಯಾಕಿಂಗ್ ಪೆಟ್ಟಿಗೆಗಳ ಮೇಲೂ ಬಂದಿದೆ.

ಕೊನೆಯ ಲೆಕ್ಕ ಅಂದಾಜಿಗಿಂತ ಏಳೆಂಟು ಲಕ್ಷ ಮೀರಿತು, ಅದರಲ್ಲಿ ಹೆಚ್ಚಿನದು ಹವಾನಿಯಂತ್ರಣದ ಡಕ್ಟ್ ಬದಲಾವಣೆಗೆ ಹೋದದ್ದು. ಬಿಲ್ ಪಾಸಾಯಿತು, ದೋಷ ಬಂದರೆ ಎಂದು ತಡೆಹಿಡಿದಿದ್ದ ಶೇ. 5ರ ರಿಟೆನ್ಷನ್ ಹಣವೂ ವರ್ಷ ತುಂಬಿದ ತಿಂಗಳಲ್ಲೇ ಬಂತು. ಅದೇ ಕಂಪನಿ ಈಗ ಪುಣೆಯ ಮಾರಾಟ ಕಚೇರಿಯನ್ನೂ ನನಗೇ ಕೊಟ್ಟಿದೆ. ಅದು ಬಾಡಿಗೆ ಕಟ್ಟಡದ ನಾಲ್ಕನೆಯ ಅಂತಸ್ತು, ಆರುನೂರು ಕಿಲೋ ಹೊರುವ ಬೀಮ್ ಬೇಕಾದ ಜಾಗದಲ್ಲಿಲ್ಲ, ಬಿಡುವಾಗ ಎಲ್ಲವನ್ನೂ ಬಿಚ್ಚಿ ಮೊದಲಿನಂತೆ ಮಾಡಿಕೊಡಬೇಕು. ಚೌಕಗಳನ್ನು ಗೋಡೆಯಿಂದ ಇಳಿಸಿ, ಸಭಾ ಕೋಣೆಯ ಮೇಜಿನ ನಡುವೆ ಒಂದೇ ಸಾಲಾಗಿ ಕೂರಿಸುವ ನಕ್ಷೆ ಸಿದ್ಧವಾಗಿದೆ. ಎರಕದ ಮೊದಲ ಕಂತು ಬಂದು ಸ್ಕ್ರೇಪಿಂಗಿಗೆ ಹೋಗಿದೆ, ಗೇಜ್‌ಗಳೂ ಪುಣೆಯ ಮೇಸ್ತ್ರಿಯ ಕೈ ಸೇರಿವೆ.